ವೈದ್ಯಕೀಯ ಸಂಕ್ಷೇಪಗಳ ಅರ್ಥವಿಚಾರ: ಕುಡುಗೋಲು ಕಣ ರೋಗದ ಪರಿಭಾಷೆಯನ್ನು ಅನುಲಕ್ಷಿಸಿ

1. ಪೀಠಿಕೆ

ವೈದ್ಯಶಾಸ್ತ್ರದ ಬರವಣಿಗೆ ಕನ್ನಡಕ್ಕೆ ಹೊಸದಲ್ಲ. ಹನ್ನೆರಡನೆಯ ಶತಮಾನದ ಕೀರ್ತಿವರ್ಮನ ‘ಗೋವೈದ್ಯ’, ಹದಿನಾಲ್ಕನೆಯ ಶತಮಾನದ ಮಂಗರಾಜನ ‘ಖಗೇಂದ್ರಮಣಿದರ್ಪಣ’ ಮೊದಲಾದ ಕೃತಿಗಳು ಪಶುವೈದ್ಯ, ವಿಷವೈದ್ಯಗಳನ್ನು ಕನ್ನಡದಲ್ಲಿಯೇ ನಿರೂಪಿಸಿದವು. ಆ ಪರಂಪರೆಯ ಪರಿಭಾಷೆ ಬಹುಮಟ್ಟಿಗೆ ಸಂಸ್ಕೃತಜನ್ಯವಾದರೂ ಅಲ್ಲಿರುವುದು ಪೂರ್ಣರೂಪದ ಪದಗಳು. ಧಾತು, ಪ್ರತ್ಯಯ, ಸಮಾಸಗಳ ನೆರವಿನಿಂದ ಅವನ್ನು ಬಿಡಿಸಿ ಅರ್ಥಮಾಡಿಕೊಳ್ಳುವ ದಾರಿ ಓದುಗನಿಗೆ ತೆರೆದಿತ್ತು. ಆಧುನಿಕ ವೈದ್ಯದ ಪರಿಭಾಷೆ ಕನ್ನಡಿಗರನ್ನು ತಲುಪುತ್ತಿರುವ ರೂಪ ಬೇರೆಯದು. ರಕ್ತಪರೀಕ್ಷೆಯ ವರದಿ, ಆಸ್ಪತ್ರೆಯಿಂದ ಹೊರಡುವಾಗ ಕೊಡುವ ಸಾರಾಂಶಪತ್ರ, ಔಷಧದ ಚೀಟಿ ಇವುಗಳಲ್ಲಿ ಅದು ಇಂಗ್ಲಿಷಿನ ಆದ್ಯಕ್ಷರಗಳ ಗುಂಪಾಗಿ ಬರುತ್ತದೆ. ಈ ಅಕ್ಷರಗುಂಪುಗಳಿಗೆ ಕನ್ನಡದಲ್ಲಿ ಧಾತುವೂ ಇಲ್ಲ, ವಿಗ್ರಹವಾಕ್ಯವೂ ಇಲ್ಲ.

ಹೀಗಿದ್ದರೂ ಕನ್ನಡವು ಇವನ್ನು ಸುಮ್ಮನೆ ಸ್ವೀಕರಿಸಿಲ್ಲ. ತನ್ನ ವಿಭಕ್ತಿಪ್ರತ್ಯಯ, ಕ್ರಿಯಾಪದಗಳಿಗೆ ಒಗ್ಗಿಸಿಕೊಂಡಿದೆ. ‘ಬಿ.ಪಿ.’ ಎಂದರೆ ರಕ್ತದ ಒತ್ತಡ. ಅದು ಬದುಕಿರುವ ಎಲ್ಲರಲ್ಲಿಯೂ ಇರುತ್ತದೆ. ಆದರೆ ‘ಅವರಿಗೆ ಬಿ.ಪಿ. ಇದೆ’ ಎಂದಾಗ ಕನ್ನಡದಲ್ಲಿ ಹೊರಡುವ ಅರ್ಥ ಅಧಿಕ ರಕ್ತದೊತ್ತಡವೆಂಬ ರೋಗ. ‘ಶುಗರ್ ಇದೆ’ ಎಂಬುದೂ ಇಂಥದೇ. ಚತುರ್ಥಿ ವಿಭಕ್ತಿ ಮತ್ತು ‘ಇದೆ’ ಎಂಬ ಕ್ರಿಯಾಪದ ಸೇರಿದ ಈ ರಚನೆಗೆ, ಅಳತೆಯ ಹೆಸರನ್ನು ರೋಗದ ಹೆಸರನ್ನಾಗಿ ಮಾಡುವ ಶಕ್ತಿಯಿದೆ. ಬಿ.ಪಿ., ಶುಗರ್‌ಗಳ ಮಟ್ಟಿಗೆ ಇದರಿಂದ ಹೆಚ್ಚಿನ ತೊಡಕಿಲ್ಲ, ಏಕೆಂದರೆ ಆಡುವವರಿಗೂ ಕೇಳುವವರಿಗೂ ಉದ್ದೇಶಿತ ಅರ್ಥ ತಿಳಿದಿರುತ್ತದೆ. ಆದರೆ ಜೀನಿನ ಹೆಸರು, ಕೋಶದ ಹೆಸರು, ಔಷಧದ ಹೆಸರು, ರೋಗದ ಹೆಸರು ಎಂಬ ನಾಲ್ಕು ಬೇರೆ ಬೇರೆ ವರ್ಗದ ಸಂಕ್ಷೇಪಗಳು ಇದೇ ರಚನೆಯೊಳಗೆ ಬಂದಾಗ ಅರ್ಥಭೇದವು ಅಳಿಸಿಹೋಗುತ್ತದೆ. ‘ಅವಳಿಗೆ ಸಿಕಲ್ ಸೆಲ್ ಇದೆ’ ಎಂಬ ವಾಕ್ಯ ಇದಕ್ಕೆ ಒಳ್ಳೆಯ ನಿದರ್ಶನ. ಅವಳು ರೋಗಿಯೋ, ಜೀವನವಿಡೀ ಆರೋಗ್ಯದಿಂದ ಇರಬಹುದಾದ ವಾಹಕಳೋ ಎಂಬುದನ್ನು ಈ ವಾಕ್ಯ ಹೇಳುವುದಿಲ್ಲ.

ಪ್ರಸ್ತುತ ಲೇಖನದಲ್ಲಿ ಕುಡುಗೋಲು ಕಣ ರೋಗವೊಂದರ ಪರಿಭಾಷೆಯನ್ನೇ ಆಧಾರವಾಗಿಟ್ಟುಕೊಂಡು, ಮೇಲಿನ ನಾಲ್ಕು ವರ್ಗದ ಹೆಸರುಗಳನ್ನು ಕನ್ನಡದ ಓದುಗರು ಹೇಗೆ ಬಿಡಿಸಿಕೊಳ್ಳಬಹುದು ಎಂಬುದನ್ನು ಪರಿಶೀಲಿಸಲಾಗಿದೆ. ಈ ಆಯ್ಕೆಗೆ ಎರಡು ಕಾರಣಗಳಿವೆ. ಮೊದಲನೆಯದಾಗಿ, ಒಂದೇ ರೋಗದಲ್ಲಿ ನಾಲ್ಕೂ ವರ್ಗದ ಹೆಸರುಗಳು ಎದುರಾಗುತ್ತವೆ. ಎರಡನೆಯದಾಗಿ, 2023ರ ಜುಲೈ 1ರಂದು ಆರಂಭವಾದ ರಾಷ್ಟ್ರೀಯ ಸಿಕಲ್ ಸೆಲ್ ಅನೀಮಿಯಾ ನಿರ್ಮೂಲನ ಅಭಿಯಾನದ 17 ರಾಜ್ಯಗಳಲ್ಲಿ ಕರ್ನಾಟಕವೂ ಸೇರಿದೆ. ತಪಾಸಣೆಗೆ ಒಳಗಾದವರಿಗೆ ಅವರ ಆನುವಂಶಿಕ ಸ್ಥಿತಿಯನ್ನು ತಿಳಿಸುವ ಕಾರ್ಡುಗಳನ್ನು ಕೊಡುವುದು ಈ ಅಭಿಯಾನದ ಒಂದು ಭಾಗ. ಆ ಕಾರ್ಡಿನ ಎರಡು ಅಕ್ಷರಗಳನ್ನು ಸರಿಯಾಗಿ ಓದುವುದು ಮದುವೆ, ಸಂತಾನ, ಚಿಕಿತ್ಸೆಗಳಿಗೆ ಸಂಬಂಧಿಸಿದ ನಿರ್ಧಾರಗಳಿಗೆ ಆಧಾರವಾಗುತ್ತದೆ.

2. ರೋಗದ ಹೆಸರು

ಕನ್ನಡದ ಸಾಂಪ್ರದಾಯಿಕ ವ್ಯಾಕರಣವು ನಾಮಪದಗಳಲ್ಲಿ ರೂಢನಾಮ, ಅಂಕಿತನಾಮ, ಅನ್ವರ್ಥನಾಮ ಎಂಬ ವಿಭಾಗಗಳನ್ನು ಗುರುತಿಸುತ್ತದೆ. ಬಳಕೆಯಿಂದ ನೆಲೆಗೊಂಡದ್ದು ರೂಢನಾಮ, ಗುರುತಿಗಾಗಿ ಇಟ್ಟದ್ದು ಅಂಕಿತನಾಮ, ಅರ್ಥಕ್ಕೆ ಅನುಗುಣವಾದದ್ದು ಅನ್ವರ್ಥನಾಮ. ವೈದ್ಯಕೀಯ ಹೆಸರುಗಳನ್ನು ಓದುವಾಗಲೂ ಈ ವಿಭಾಗ ಪ್ರಯೋಜನಕ್ಕೆ ಬರುತ್ತದೆ.

ರೋಗಗಳ ಹೆಸರುಗಳು ಸಾಮಾನ್ಯವಾಗಿ ಅನ್ವರ್ಥವಾಗಿ ಹುಟ್ಟಿ ರೂಢವಾಗಿ ಉಳಿಯುತ್ತವೆ. 1910ರಲ್ಲಿ ಷಿಕಾಗೋದ ವೈದ್ಯ ಜೇಮ್ಸ್ ಹೆರಿಕ್ ತನ್ನ ರೋಗಿಯೊಬ್ಬನ ರಕ್ತದಲ್ಲಿ ಕುಡುಗೋಲಿನಂತೆ ಬಾಗಿದ ಕೆಂಪುಕಣಗಳನ್ನು ಕಂಡು ವರದಿ ಮಾಡಿದ. ‘ಸಿಕಲ್ ಸೆಲ್ ಅನೀಮಿಯಾ’ ಎಂಬ ಹೆಸರು ವರ್ನ್ ಮೇಸನ್ 1922ರಲ್ಲಿ ಇಟ್ಟದ್ದು. ಭಾರತದಲ್ಲಿ ನೀಲಗಿರಿ ಬೆಟ್ಟಗಳ ಬುಡಕಟ್ಟು ಜನರಲ್ಲಿ ಇದು ಇರುವುದನ್ನು 1952ರಲ್ಲಿ ಲೇಮನ್ ಮತ್ತು ಕಟ್‌ಬುಷ್ ವರದಿ ಮಾಡಿದರು. ಕನ್ನಡದ ‘ಕುಡುಗೋಲು ಕಣ’ ಎಂಬ ರೂಪವನ್ನು ‘ಕುಡುಗೋಲಿನಂತಹ ಕಣ’ ಎಂದು ಬಿಡಿಸಬಹುದು. ದೇಶ್ಯ ಮತ್ತು ಸಂಸ್ಕೃತ ಪದಗಳು ಕೂಡಿರುವುದರಿಂದ ಇದನ್ನು ಅರಿಸಮಾಸವೆಂದು ಆಕ್ಷೇಪಿಸಬಹುದಾದರೂ ಅರ್ಥದ ಸ್ಪಷ್ಟತೆಯ ದೃಷ್ಟಿಯಿಂದ ಅದು ಒಳ್ಳೆಯ ಪದ.

ತೊಡಕು ಇರುವುದು ಎರಡನೆಯ ಭಾಗದಲ್ಲಿ. ‘ಅನೀಮಿಯಾ’ ಎಂಬುದಕ್ಕೆ ಕನ್ನಡದಲ್ಲಿ ‘ರಕ್ತಹೀನತೆ’ ಎಂಬ ಪದ ನೆಲೆಯೂರಿದೆ. ಕನ್ನಡಿಗರ ತಿಳಿವಳಿಕೆಯಲ್ಲಿ ರಕ್ತಹೀನತೆ ಎಂದರೆ ಪೌಷ್ಟಿಕಾಂಶದ, ವಿಶೇಷವಾಗಿ ಕಬ್ಬಿಣದ ಕೊರತೆ. ಆದರೆ ಕುಡುಗೋಲು ಕಣ ರೋಗದಲ್ಲಿ ಆಗುವುದು ಬೇರೆ. ಸಾಮಾನ್ಯ ಕೆಂಪುಕಣ ಸುಮಾರು 120 ದಿನ ಬಾಳಿದರೆ, ಈ ರೋಗದಲ್ಲಿ ಅದು 10ರಿಂದ 20 ದಿನಗಳಲ್ಲಿಯೇ ಒಡೆದುಹೋಗುತ್ತದೆ. ಇಲ್ಲಿ ಹಿಮೋಗ್ಲೋಬಿನ್ ಇಳಿಯುವುದು ಕಣಗಳು ಬೇಗ ನಾಶವಾಗುವುದರಿಂದ. ಪದದ ಮಾತು ಕೇಳಿ, ಪರೀಕ್ಷೆಯಿಲ್ಲದೆ ಕಬ್ಬಿಣದ ಮಾತ್ರೆ ನುಂಗಿದರೆ ಈ ನಾಶ ನಿಲ್ಲುವುದಿಲ್ಲ. ಪದೇ ಪದೇ ರಕ್ತ ಪಡೆದವರ ದೇಹದಲ್ಲಾದರೋ ಕಬ್ಬಿಣ ಅತಿಯಾಗಿ ಸಂಗ್ರಹವಾಗುವ ಅಪಾಯವಿದೆ. ಹೀಗೆ, ರೂಢವಾದ ಪದವನ್ನು ಅನ್ವರ್ಥವೆಂದು ಓದುವುದು ಚಿಕಿತ್ಸೆಯನ್ನೇ ದಾರಿತಪ್ಪಿಸಬಲ್ಲದು.

ಸಂಕ್ಷೇಪಗಳಲ್ಲಿಯೂ ಎರಡನ್ನು ಬೇರ್ಪಡಿಸಬೇಕು. ‘ಎಸ್.ಸಿ.ಎ.’ ಎಂಬುದು ಸಿಕಲ್ ಸೆಲ್ ಅನೀಮಿಯಾ. ಮುಖ್ಯವಾಗಿ ತಂದೆತಾಯಿ ಇಬ್ಬರಿಂದಲೂ ಎಸ್ ಜೀನು ಬಂದಿರುವ ಸ್ಥಿತಿಗೆ ಸಲ್ಲುವ ಹೆಸರು. ‘ಎಸ್.ಸಿ.ಡಿ.’ ಎಂಬುದು ಸಿಕಲ್ ಸೆಲ್ ಡಿಸೀಸ್. ಅದರ ವ್ಯಾಪ್ತಿ ಹಿರಿದು. ಒಬ್ಬರಿಂದ ಎಸ್ ಜೀನೂ ಇನ್ನೊಬ್ಬರಿಂದ ಬೀಟಾ ಥಲಸ್ಸೀಮಿಯಾದ ಜೀನೂ ಬಂದಾಗ ಉಂಟಾಗುವ ರೋಗವೂ ಇದರಲ್ಲಿ ಸೇರುತ್ತದೆ.

3. ಜೀನಿನ ಹೆಸರು

ಜೀನಿನ ಹೆಸರು ಬಹುಮಟ್ಟಿಗೆ ಅಂಕಿತನಾಮ. ಕುಡುಗೋಲು ಕಣ ರೋಗಕ್ಕೆ ಕಾರಣವಾದ ಬದಲಾವಣೆ ಇರುವುದು ‘ಎಚ್.ಬಿ.ಬಿ.’ ಎಂಬ ಜೀನಿನಲ್ಲಿ. ಮೊದಲ ಎರಡು ಅಕ್ಷರಗಳು ಹಿಮೋಗ್ಲೋಬಿನ್ನನ್ನೂ ಮೂರನೆಯದು ಅದರ ಬೀಟಾ ಸರಪಣಿಯನ್ನೂ ಸೂಚಿಸುತ್ತವೆ. ಈ ಜೀನು ಪ್ರತಿಯೊಬ್ಬ ಮನುಷ್ಯನಲ್ಲಿಯೂ ಇದೆ. ಆದ್ದರಿಂದ ‘ಎಚ್.ಬಿ.ಬಿ. ಜೀನು ಇದೆ’ ಎಂಬ ಮಾತಿನಿಂದ ರೋಗದ ಬಗ್ಗೆ ಏನೂ ತಿಳಿಯುವುದಿಲ್ಲ. ಆ ಜೀನಿನ ಯಾವ ರೂಪ ಇದೆ, ಎಷ್ಟು ಪ್ರತಿಗಳಲ್ಲಿ ಇದೆ ಎಂಬುದನ್ನು ಕೇಳಬೇಕು.

ಜೀನಿನ ವಿಳಾಸವನ್ನೂ ಬದಲಾವಣೆಯನ್ನೂ ಬರೆಯುವ ಕ್ರಮಗಳು ಬೇರೆ ಬೇರೆ. ಎಚ್.ಬಿ.ಬಿ.ಯ ವಿಳಾಸ ‘11ಪಿ15.4’. ಇಲ್ಲಿ 11 ಎಂಬುದು ವರ್ಣತಂತುವಿನ ಸಂಖ್ಯೆ. ‘ಪಿ’ ಎಂಬುದು ಆ ವರ್ಣತಂತುವಿನ ಗಿಡ್ಡ ತೋಳು, ‘ಚಿಕ್ಕದು’ ಎಂಬರ್ಥದ ಫ್ರೆಂಚ್ ಪದದ ಮೊದಲಕ್ಷರ. ಉಳಿದ ಅಂಕೆಗಳು ತೋಳಿನ ಮೇಲಿನ ಪಟ್ಟಿಯನ್ನು ತಿಳಿಸುತ್ತವೆ. ಬದಲಾವಣೆಯನ್ನು ಬರೆಯುವಾಗ ‘ಪಿ. ಗ್ಲು 7 ವ್ಯಾಲ್’ ಎಂಬ ರೂಪ ಬರುತ್ತದೆ. ಇಲ್ಲಿನ ‘ಪಿ’ ವರ್ಣತಂತುವಿನ ತೋಳಲ್ಲ, ಪ್ರೋಟೀನು. ಪ್ರೋಟೀನಿನ 7ನೆಯ ಸ್ಥಾನದಲ್ಲಿ ಗ್ಲುಟಾಮಿಕ್ ಆಮ್ಲದ ಬದಲು ವ್ಯಾಲಿನ್ ಬಂದಿದೆ ಎಂಬುದು ಇದರ ಅರ್ಥ. ಹಳೆಯ ಪುಸ್ತಕಗಳಲ್ಲಿ ಇದೇ ಸ್ಥಾನವನ್ನು 6 ಎಂದು ಕೊಟ್ಟಿರುತ್ತದೆ. ಪ್ರೋಟೀನು ಸಿದ್ಧವಾಗುವಾಗ ಕಳಚಿಹೋಗುವ ಮೊದಲ ಅಮೈನೋ ಆಮ್ಲವನ್ನು ಹಳೆಯ ಎಣಿಕೆ ಬಿಟ್ಟಿತ್ತು, ಹೊಸ ಎಣಿಕೆ ಸೇರಿಸಿಕೊಂಡಿದೆ. ಎರಡೂ ವರದಿಗಳು ಹೇಳುವುದು ಒಂದೇ ಬದಲಾವಣೆಯನ್ನು.

ಇಲ್ಲಿ ಲಿಪಿಗೆ ಸಂಬಂಧಿಸಿದ ಸಮಸ್ಯೆಯೊಂದಿದೆ. ಇಂಗ್ಲಿಷ್ ಬರಹದಲ್ಲಿ ಜೀನಿನ ಸಂಕೇತವನ್ನು ಓರೆ ಅಕ್ಷರದಲ್ಲಿಯೂ ಪ್ರೋಟೀನಿನದನ್ನು ನೇರ ಅಕ್ಷರದಲ್ಲಿಯೂ ಮುದ್ರಿಸುವ ಪದ್ಧತಿಯಿದೆ. ಮನುಷ್ಯನ ಜೀನಿಗೆ ಎಲ್ಲವೂ ದೊಡ್ಡಕ್ಷರ, ಇಲಿಯ ಜೀನಿಗೆ ಮೊದಲನೆಯದು ಮಾತ್ರ ದೊಡ್ಡಕ್ಷರ. ಕನ್ನಡ ಲಿಪಿಯಲ್ಲಿ ದೊಡ್ಡಕ್ಷರ, ಚಿಕ್ಕಕ್ಷರಗಳ ಭೇದವಿಲ್ಲ. ಓರೆ ಅಕ್ಷರವನ್ನು ಅರ್ಥಭೇದಕ್ಕಾಗಿ ಬಳಸುವ ರೂಢಿಯೂ ಇಲ್ಲ. ಇದರಿಂದ ‘ಎಚ್.ಬಿ.ಎ.1’ ಎಂಬ ಆಲ್ಫಾ ಗ್ಲೋಬಿನ್ ಜೀನಿಗೂ, ಮಧುಮೇಹದ ಹತೋಟಿಯನ್ನು ಅಳೆಯುವ ‘ಎಚ್.ಬಿ.ಎ.1ಸಿ.’ ಎಂಬ ಪರೀಕ್ಷೆಗೂ ಕನ್ನಡದಲ್ಲಿ ಉಳಿಯುವುದು ಒಂದಕ್ಷರದ ಅಂತರ. ಕೆಂಪುಕಣಗಳ ಆಯುಸ್ಸು ಕುಗ್ಗಿರುವ ಕುಡುಗೋಲು ಕಣ ರೋಗಿಗಳಲ್ಲಿ ಈ ಪರೀಕ್ಷೆಯ ಫಲಿತಾಂಶ ನಂಬಲರ್ಹವಲ್ಲ ಎಂಬುದನ್ನು ನೆನೆದರೆ, ಎರಡನ್ನೂ ಬೇರ್ಪಡಿಸಿ ತಿಳಿಯುವುದರ ಅಗತ್ಯ ಇನ್ನಷ್ಟು ಸ್ಪಷ್ಟವಾಗುತ್ತದೆ. ಲಿಪಿ ಮಾಡಲಾರದ ಕೆಲಸವನ್ನು ಕನ್ನಡದಲ್ಲಿ ಪದವೇ ಮಾಡಬೇಕಾಗುತ್ತದೆ: ‘ಎಚ್.ಬಿ.ಎ.1 ಜೀನು’, ‘ಎಚ್.ಬಿ.ಎ.1ಸಿ. ಪರೀಕ್ಷೆ’.

ಜೀನಿನ ಹೆಸರು ಅದರ ಶೋಧದ ಚರಿತ್ರೆಯನ್ನು ಹೇಳುತ್ತದೆಯೇ ಹೊರತು ಎಲ್ಲ ಸಂದರ್ಭಗಳ ಅರ್ಥವನ್ನಲ್ಲ. ಕುಡುಗೋಲು ಕಣ ರೋಗದ ಹೊಸ ಚಿಕಿತ್ಸೆಯ ಗುರಿಯಾಗಿರುವ ‘ಬಿ.ಸಿ.ಎಲ್.11ಎ’ ಎಂಬ ಜೀನಿಗೆ ಆ ಹೆಸರು ಬಂದದ್ದು ಬಿ-ಕೋಶಗಳ ಕ್ಯಾನ್ಸರಿನ ಅಧ್ಯಯನದಿಂದ. ಹೆಸರನ್ನು ಬಿಡಿಸಿ ನೋಡಿದವರು ರೋಗಿಗೆ ಕ್ಯಾನ್ಸರ್ ಇದೆಯೆಂದು ಗಾಬರಿಗೊಳ್ಳಬಹುದು. ಇಲ್ಲಿ ಆ ಜೀನಿಗೆ ಮಹತ್ವ ಬಂದಿರುವುದು ಭ್ರೂಣಾವಸ್ಥೆಯ ಹಿಮೋಗ್ಲೋಬಿನ್ನಿನ ಉತ್ಪಾದನೆಯನ್ನು ಅದು ತಡೆಯುತ್ತದೆ ಎಂಬ ಕಾರಣಕ್ಕೆ. ಅಂಕಿತನಾಮವನ್ನು ಅನ್ವರ್ಥವಾಗಿ ಓದಬಾರದು ಎಂಬುದಕ್ಕೆ ಇದು ಸಾಕಾದ ಉದಾಹರಣೆ.

4. ವರದಿಯ ಅಕ್ಷರಗಳು: ಎ.ಎ., ಎ.ಎಸ್., ಎಸ್.ಎಸ್.

ಹಿಮೋಗ್ಲೋಬಿನ್ನಿನ ಬಗೆಗಳನ್ನು ಅಕ್ಷರಗಳಿಂದ ಗುರುತಿಸಲಾಗುತ್ತದೆ. ‘ಎ’ ಎಂಬುದು ವಯಸ್ಕರ ಸಾಮಾನ್ಯ ಹಿಮೋಗ್ಲೋಬಿನ್, ‘ಎಫ್’ ಭ್ರೂಣದ್ದು, ‘ಎಸ್’ ಕುಡುಗೋಲಿನಾಕಾರಕ್ಕೆ ಕಾರಣವಾದದ್ದು. ಮುಂದೆ ಕಂಡುಬಂದ ಬಗೆಗಳಿಗೆ ಸಿ, ಡಿ, ಇ ಎಂದು ಅಕ್ಷರಗಳನ್ನು ಕೊಡುತ್ತ ಹೋಗಿ, ಅಕ್ಷರಗಳು ಸಾಲದಾದಾಗ ಊರು ಪ್ರಾಂತಗಳ ಹೆಸರುಗಳನ್ನು ಇಡಲಾಯಿತು. ‘ಡಿ-ಪಂಜಾಬ್’ ಎಂಬುದು ಅಂಥದೊಂದು ಹೆಸರು.

ಪ್ರತಿಯೊಬ್ಬರಲ್ಲಿಯೂ ತಂದೆಯಿಂದ ಒಂದು, ತಾಯಿಯಿಂದ ಒಂದು ಹೀಗೆ ಎಚ್.ಬಿ.ಬಿ. ಜೀನಿನ ಎರಡು ಪ್ರತಿಗಳಿರುತ್ತವೆ. ಕಾರ್ಡಿನ ಎರಡು ಅಕ್ಷರಗಳು ಈ ಎರಡು ಪ್ರತಿಗಳನ್ನು ಸೂಚಿಸುತ್ತವೆ. ‘ಎ.ಎ.’ ಎಂದರೆ ಎರಡೂ ಸಾಮಾನ್ಯ. ‘ಎ.ಎಸ್.’ ಎಂದರೆ ಒಂದು ಸಾಮಾನ್ಯ, ಒಂದು ಎಸ್, ಇದು ವಾಹಕಸ್ಥಿತಿ. ‘ಎಸ್.ಎಸ್.’ ಎಂದರೆ ಎರಡೂ ಎಸ್, ಇದು ರೋಗ. ಗಂಡಹೆಂಡಿರಿಬ್ಬರೂ ಎ.ಎಸ್. ಆಗಿದ್ದರೆ ಪ್ರತಿಯೊಂದು ಗರ್ಭದಲ್ಲಿಯೂ ಮಗು ಎಸ್.ಎಸ್. ಆಗುವ ಸಾಧ್ಯತೆ ಶೇ. 25, ಎ.ಎಸ್. ಆಗುವ ಸಾಧ್ಯತೆ ಶೇ. 50, ಎ.ಎ. ಆಗುವ ಸಾಧ್ಯತೆ ಶೇ. 25. ಮೊದಲ ಮಗುವಿಗೆ ರೋಗ ಬಂದಿದ್ದರೆ ಮುಂದಿನ ಮೂವರಿಗೆ ಬರುವುದಿಲ್ಲ ಎಂದು ಇದರ ಅರ್ಥವಲ್ಲ. ಲೆಕ್ಕ ಪ್ರತಿ ಗರ್ಭಕ್ಕೂ ಹೊಸದು. ಒಬ್ಬರು ಎ.ಎಸ್., ಇನ್ನೊಬ್ಬರು ಎ.ಎ. ಆಗಿದ್ದರೆ ಮಕ್ಕಳಲ್ಲಿ ವಾಹಕರಿರಬಹುದು, ಎಸ್.ಎಸ್. ಇರಲಾರದು.

ಈ ಅಂತರವನ್ನು ಮಸಕುಗೊಳಿಸುವ ಪದಗಳು ಎರಡು. ಮೊದಲನೆಯದು ‘ಪಾಸಿಟಿವ್’. ಪ್ರಾಥಮಿಕ ತಪಾಸಣೆಗೆ ಬಳಸುವ ದ್ರಾವ್ಯತಾ ಪರೀಕ್ಷೆ ರಕ್ತದಲ್ಲಿ ಎಸ್ ಹಿಮೋಗ್ಲೋಬಿನ್ ಇದೆಯೇ ಎಂಬುದನ್ನಷ್ಟೇ ತೋರಿಸುತ್ತದೆ. ಎ.ಎಸ್. ವ್ಯಕ್ತಿಯಲ್ಲಿಯೂ ಎಸ್.ಎಸ್. ವ್ಯಕ್ತಿಯಲ್ಲಿಯೂ ಅದು ಪಾಸಿಟಿವ್ ಆಗಬಲ್ಲದು. ಎಚ್.ಐ.ವಿ., ಕೋವಿಡ್‌ಗಳ ಸಂದರ್ಭದಲ್ಲಿ ಸೋಂಕು ತಗುಲಿದೆ ಎಂಬ ಅರ್ಥವನ್ನು ಗಳಿಸಿಕೊಂಡ ಈ ಪದ, ಇಲ್ಲಿ ವಾಹಕನನ್ನೂ ರೋಗಿಯೆಂದು ಭಾವಿಸುವಂತೆ ಮಾಡುತ್ತದೆ. ನಿಜವಾದ ಉತ್ತರ ಸಿಗುವುದು ‘ಎಚ್.ಪಿ.ಎಲ್.ಸಿ.’ ಅಥವಾ ವಿದ್ಯುದ್ವಾಹಿ ಪರೀಕ್ಷೆಯಂತಹ, ಹಿಮೋಗ್ಲೋಬಿನ್ನಿನ ಬಗೆಗಳನ್ನು ಬೇರ್ಪಡಿಸಿ ಶೇಕಡಾವಾರು ತೋರಿಸುವ ಎರಡನೆಯ ಪರೀಕ್ಷೆಯಲ್ಲಿ. ವಾಹಕರಲ್ಲಿ ಎ ಪ್ರಮಾಣವು ಎಸ್‌ಗಿಂತ ಹೆಚ್ಚಾಗಿರುತ್ತದೆ. ರಕ್ತ ಪಡೆದಿರದ ಎಸ್.ಎಸ್. ವ್ಯಕ್ತಿಯಲ್ಲಿ ಎ ಇರುವುದೇ ಇಲ್ಲ.

ಎರಡನೆಯದು ‘ರೋಗವಾಹಕ’. ಕನ್ನಡದಲ್ಲಿ ಈ ಪದ ಮಲೇರಿಯಾ ಹರಡುವ ಸೊಳ್ಳೆಗೂ ಸಲ್ಲುತ್ತದೆ, ಸೋಂಕನ್ನು ಹೊತ್ತು ತಿರುಗುವ ಮನುಷ್ಯನಿಗೂ ಸಲ್ಲುತ್ತದೆ. ಅದನ್ನೇ ಎ.ಎಸ್. ವ್ಯಕ್ತಿಗೆ ಅನ್ವಯಿಸಿದಾಗ ಅವರಿಂದ ಇತರರಿಗೆ ರೋಗ ಅಂಟುತ್ತದೆ ಎಂಬ ಧ್ವನಿ ಹುಟ್ಟುತ್ತದೆ. ಮದುವೆಯ ಮಾತುಕತೆಯಲ್ಲಿ ಇಂಥ ಧ್ವನಿಯ ಭಾರವನ್ನು ಹೆಚ್ಚಾಗಿ ಹೆಣ್ಣುಮಕ್ಕಳೇ ಹೊರಬೇಕಾಗುತ್ತದೆ. ಕುಡುಗೋಲು ಕಣ ರೋಗ ಅಂಟುವುದಿಲ್ಲ. ಅದು ತಂದೆತಾಯಿಯಿಂದ ಮಾತ್ರ ಬರುವಂಥದು. ಆದ್ದರಿಂದ ‘ಎಸ್ ಜೀನಿನ ವಾಹಕ’ ಎಂಬ ಪ್ರಯೋಗವೇ ಉಚಿತ. ‘ವಂಶವಾಹಿ’ ಎಂಬ ಪದ ಜೀನಿಗೆ ಈಗಾಗಲೇ ಬಳಕೆಯಲ್ಲಿರುವುದರಿಂದ ‘ವಂಶವಾಹಿಯ ವಾಹಕ’ ಎಂಬಲ್ಲಿ ಒಂದೇ ಧಾತು ಮರುಕಳಿಸಿ ಅರ್ಥ ಕಲಸಿಹೋಗುತ್ತದೆ. ಈ ಸಂದರ್ಭದಲ್ಲಿ ‘ಜೀನು’ ಎಂಬ ಎರವಲು ಪದವೇ ಹೆಚ್ಚು ಸ್ಪಷ್ಟ. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮದ ಪಟ್ಟಿಯಲ್ಲಿ ಸೇರಿರುವುದು ಸಿಕಲ್ ಸೆಲ್ ರೋಗ, ವಾಹಕಸ್ಥಿತಿಯಲ್ಲ. ಹೀಗಾಗಿ ಈ ಪದಗಳ ನಡುವಿನ ಅಂತರಕ್ಕೆ ಕಾನೂನಿನ ಪರಿಣಾಮವೂ ಇದೆ.

5. ಕೋಶದ ಹೆಸರು

ಕೋಶಗಳ ಹೆಸರುಗಳಲ್ಲಿ ಕೆಲವು ಸ್ಥಾನವಾಚಕ. ‘ಟಿ-ಕೋಶ’ದ ಟಿ ಥೈಮಸ್ ಗ್ರಂಥಿಯಿಂದ ಬಂದದ್ದು. ‘ಬಿ-ಕೋಶ’ದ ಬಿ ಮನುಷ್ಯರ ಅಸ್ಥಿಮಜ್ಜೆಯ ಇಂಗ್ಲಿಷ್ ಹೆಸರಿನಿಂದ ಬಂದಿದೆಯೆಂದು ಹಲವರು ಭಾವಿಸಿದ್ದಾರೆ, ವಾಸ್ತವವಾಗಿ ಅದು ಹಕ್ಕಿಗಳಲ್ಲಿರುವ ಬರ್ಸಾ ಎಂಬ ಅಂಗದಿಂದ ಬಂದದ್ದು. ಇನ್ನು ಕೆಲವು ಹೆಸರುಗಳು ಕೋಶದ ಮೇಲ್ಮೈಯ ಗುರುತಿನಿಂದ ಬಂದವು. ‘ಸಿ.ಡಿ.’ ಎಂಬ ಅಕ್ಷರಗಳೂ ಒಂದು ಸಂಖ್ಯೆಯೂ ಸೇರಿದ ಈ ಕ್ರಮ 1982ರ ಪ್ಯಾರಿಸ್ ಸಮಾವೇಶದಿಂದ ಬೆಳೆಯಿತು. ‘ಸಿ.ಡಿ.34’ ಎಂಬುದು ಮೂಲತಃ ಒಂದು ಪ್ರೋಟೀನಿನ ಹೆಸರು. ರಕ್ತವನ್ನು ಹುಟ್ಟಿಸುವ ಆಕರಕೋಶಗಳ ಮೇಲೆ ಈ ಪ್ರೋಟೀನು ಇರುವುದರಿಂದ ಆ ಕೋಶಗಳನ್ನು ‘ಸಿ.ಡಿ.34 ಕೋಶಗಳು’ ಎನ್ನುತ್ತಾರೆ. ಕನ್ನಡ ವ್ಯಾಕರಣದ ಪ್ರಕಾರ ಇದು ಬಹುವ್ರೀಹಿಯ ಜಾಡು. ‘ಮುಕ್ಕಣ್ಣ’ ಎಂದಾಗ ಮೂರು ಕಣ್ಣುಗಳು ಮುಖ್ಯವಾಗದೆ ಅವುಗಳನ್ನುಳ್ಳವನು ಮುಖ್ಯವಾಗುವಂತೆ, ‘ಸಿ.ಡಿ.34’ ಎಂದಷ್ಟೇ ಬರೆದಾಗಲೂ ಆ ಗುರುತುಳ್ಳ ಕೋಶವೇ ಉದ್ದಿಷ್ಟವಾಗಿರಬಹುದು.

ಕೋಶದ ವರ್ಗ ತಿಳಿದರೆ ಚಿಕಿತ್ಸೆಯ ಕ್ರಮವೂ ತಿಳಿಯುತ್ತದೆ. ಬಲಿತ ಕೆಂಪುಕಣಕ್ಕೆ ಕೋಶಕೇಂದ್ರವಿಲ್ಲ. ಆದ್ದರಿಂದ ಅದರಲ್ಲಿ ತಿದ್ದಬಹುದಾದ ಎಚ್.ಬಿ.ಬಿ. ಜೀನೂ ಇಲ್ಲ. ರೋಗ ಕಾಣಿಸುವುದು ಕೆಂಪುಕಣದಲ್ಲಾದರೂ ಜೀನಿನ ಮಟ್ಟದ ಚಿಕಿತ್ಸೆ ನಡೆಯುವುದು ಅಸ್ಥಿಮಜ್ಜೆಯ ಆಕರಕೋಶದಲ್ಲಿ.

6. ಔಷಧದ ಹೆಸರು

ನಾಲ್ಕು ವರ್ಗಗಳಲ್ಲಿ ಅನ್ವರ್ಥನಾಮಕ್ಕೆ ಹೆಚ್ಚು ಹತ್ತಿರವಾದದ್ದು ಔಷಧದ ಅಂತಾರಾಷ್ಟ್ರೀಯ ಸಾಮಾನ್ಯ ಹೆಸರು. ವಿಶ್ವ ಆರೋಗ್ಯ ಸಂಸ್ಥೆ 1953ರಿಂದ ನಡೆಸಿಕೊಂಡು ಬಂದಿರುವ ಈ ಪದ್ಧತಿಯಲ್ಲಿ ಹೆಸರಿನ ಕೊನೆಯ ಭಾಗ ಬಹುಮಟ್ಟಿಗೆ ಪ್ರತ್ಯಯದಂತೆ ಕೆಲಸ ಮಾಡುತ್ತದೆ. ಕುಡುಗೋಲು ಕಣ ರೋಗಕ್ಕೆ 2019ರಲ್ಲಿ ಅಮೆರಿಕದ ಒಪ್ಪಿಗೆ ಪಡೆದ ‘ಕ್ರಿಜಾನ್ಲಿಜುಮ್ಯಾಬ್’ನಲ್ಲಿ ‘ಮ್ಯಾಬ್’ ಎಂಬುದು ಏಕಮೂಲ ಪ್ರತಿಕಾಯವನ್ನೂ ‘ಜು’ ಎಂಬುದು ಅದನ್ನು ಮಾನವಸದೃಶವಾಗಿ ಮಾರ್ಪಡಿಸಿರುವುದನ್ನೂ ಸೂಚಿಸುತ್ತವೆ. ಆದರೆ ಈ ಪ್ರತ್ಯಯಗಳೂ ಸ್ಥಿರವಲ್ಲ. 2021ರಿಂದೀಚೆಗೆ ಹೊಸ ಹೆಸರುಗಳಿಗೆ ‘ಮ್ಯಾಬ್’ ಕೊಡುವುದನ್ನು ನಿಲ್ಲಿಸಿ ಬೇರೆ ಅಂತ್ಯಗಳನ್ನು ತರಲಾಗಿದೆ. ಹೆಸರನ್ನು ಓದಬಲ್ಲೆವೆಂದ ಮಾತ್ರಕ್ಕೆ ಔಷಧ ಲಭ್ಯವಿದೆ ಎಂದೂ ತಿಳಿಯಲಾಗದು. ಕ್ರಿಜಾನ್ಲಿಜುಮ್ಯಾಬಿಗೆ ಐರೋಪ್ಯ ಒಕ್ಕೂಟ ಕೊಟ್ಟಿದ್ದ ಒಪ್ಪಿಗೆಯನ್ನು 2023ರಲ್ಲಿ ಹಿಂತೆಗೆದುಕೊಳ್ಳಲಾಯಿತು.

2023ರ ನವೆಂಬರಿನಲ್ಲಿ ಬ್ರಿಟನ್, ಡಿಸೆಂಬರಿನಲ್ಲಿ ಅಮೆರಿಕ ಒಪ್ಪಿದ ‘ಎಕ್ಸಾಗ್ಯಾಮ್‌ಗ್ಲೋಜೀನ್ ಆಟೋಟೆಮ್‌ಸೆಲ್’ ನೋಡಲು ಕಠಿನವಾದರೂ ಬಿಡಿಸಲು ಸುಲಭವಾದ ಹೆಸರು. ‘ಗ್ಯಾಮ್‌ಗ್ಲೋ’ ಗಾಮಾ ಗ್ಲೋಬಿನ್ನನ್ನೂ ‘ಜೀನ್’ ಜೀನಿನ ಮಟ್ಟದ ಚಿಕಿತ್ಸೆಯನ್ನೂ ‘ಆಟೋ’ ರೋಗಿಯ ಸ್ವಂತ ಕೋಶಗಳನ್ನೂ ‘ಟೆಮ್’ ಆಕರಕೋಶವನ್ನೂ ‘ಸೆಲ್’ ಕೋಶಚಿಕಿತ್ಸೆಯನ್ನೂ ಹೇಳುತ್ತವೆ. ರೋಗಿಯ ಸಿ.ಡಿ.34 ಕೋಶಗಳನ್ನು ಹೊರತೆಗೆದು, ಬಿ.ಸಿ.ಎಲ್.11ಎ ಜೀನಿನ ಕಾರ್ಯವನ್ನು ಅವುಗಳಲ್ಲಿ ಕುಗ್ಗಿಸಿ, ಎಫ್ ಹಿಮೋಗ್ಲೋಬಿನ್ ಮತ್ತೆ ಹೆಚ್ಚುವಂತೆ ಮಾಡಿ, ಮರಳಿ ದೇಹಕ್ಕೆ ಸೇರಿಸುವುದೇ ಈ ಚಿಕಿತ್ಸೆ. ಹಿಂದಿನ ವಿಭಾಗಗಳಲ್ಲಿ ಬಂದ ಮೂರು ವರ್ಗದ ಹೆಸರುಗಳೂ ಈ ಒಂದು ವಾಕ್ಯದಲ್ಲಿ ಕೂಡಿಕೊಂಡಿರುವುದನ್ನು ಗಮನಿಸಬಹುದು.

ಹೆಚ್ಚು ಬಳಕೆಯಲ್ಲಿರುವ ಹಳೆಯ ಔಷಧಕ್ಕೆ ಎರಡು ಹೆಸರುಗಳಿವೆ: ಹೈಡ್ರಾಕ್ಸಿಯೂರಿಯಾ, ಹೈಡ್ರಾಕ್ಸಿಕಾರ್ಬಮೈಡ್. ವಸ್ತು ಒಂದೇ. ಮಾರಾಟದ ಹೆಸರುಗಳಂತೂ ಕಂಪೆನಿಗೊಂದು. ಅವು ಶುದ್ಧ ಅಂಕಿತನಾಮಗಳು. ಎರಡು ಹೆಸರುಗಳ ಒಂದೇ ಔಷಧವನ್ನು ಎರಡು ಔಷಧಗಳೆಂದು ತಿಳಿದು ಒಟ್ಟಿಗೆ ಸೇವಿಸಿದರೆ ಪ್ರಮಾಣ ದುಪ್ಪಟ್ಟಾಗುತ್ತದೆ. ಈ ಔಷಧ ಕೆಲವು ರಕ್ತದ ಕ್ಯಾನ್ಸರುಗಳಲ್ಲಿಯೂ ಬಳಕೆಯಲ್ಲಿದ್ದು, ಪೊಟ್ಟಣದ ಕಾಗದದಲ್ಲಿ ಆ ಪದ ಕಾಣಿಸಬಹುದು. ಅದನ್ನು ಕಂಡು ಹೆದರಿ ಔಷಧ ನಿಲ್ಲಿಸುವ ಬದಲು ವೈದ್ಯರನ್ನು ಕೇಳುವುದು ಸರಿಯಾದ ಕ್ರಮ.

7. ಒಂದು ಸಂಕ್ಷೇಪ, ಎರಡು ಅರ್ಥ

ಸಂಕ್ಷೇಪದ ಅರ್ಥ ಸಂದರ್ಭದಿಂದ ನಿರ್ಣಯವಾಗುತ್ತದೆ ಎಂಬ ಮಾತು ಸಾಮಾನ್ಯವಾಗಿ ನಿಜ. ಆದರೆ ಈ ರೋಗದ ಬರವಣಿಗೆಯಲ್ಲಿ ಸಂದರ್ಭವೂ ಕೈಕೊಡುವ ಸ್ಥಳಗಳಿವೆ. ‘ಎಸ್.ಸಿ.ಟಿ.’ ಎಂಬುದು ವಾಹಕಸ್ಥಿತಿಯ ಇಂಗ್ಲಿಷ್ ಹೆಸರಾದ ‘ಸಿಕಲ್ ಸೆಲ್ ಟ್ರೇಟ್’ ಎಂಬುದರ ಸಂಕ್ಷೇಪ. ಆಕರಕೋಶ ಕಸಿಗೂ ಅದೇ ಸಂಕ್ಷೇಪ. ಮೊದಲನೆಯದಕ್ಕೆ ಸಾಮಾನ್ಯವಾಗಿ ಚಿಕಿತ್ಸೆಯೇ ಬೇಕಿಲ್ಲ, ಎರಡನೆಯದು ಅತಿ ಗಂಭೀರವಾದ ಚಿಕಿತ್ಸೆ. ‘ಎ.ಸಿ.ಎಸ್.’ ಎಂಬುದು ಈ ರೋಗಿಗಳಲ್ಲಿ ಶ್ವಾಸಕೋಶಕ್ಕೆ ಸಂಬಂಧಿಸಿದ, ಜೀವಕ್ಕೆ ಅಪಾಯ ತರಬಲ್ಲ ಎದೆಯ ತೀವ್ರ ಲಕ್ಷಣಕೂಟ. ಹೃದ್ರೋಗ ವಿಭಾಗದಲ್ಲಿ ಅದೇ ಅಕ್ಷರಗಳು ಹೃದಯದ ರಕ್ತನಾಳದ ತೀವ್ರ ತೊಂದರೆಯನ್ನು ಸೂಚಿಸುತ್ತವೆ. ಎರಡೂ ಎದೆನೋವಿನೊಂದಿಗೆ ಬರಬಹುದಾದ್ದರಿಂದ, ಒಂದು ಆಸ್ಪತ್ರೆಯ ಕಾಗದವನ್ನು ಇನ್ನೊಂದಕ್ಕೆ ಒಯ್ಯುವ ರೋಗಿಯ ಮಟ್ಟಿಗೆ ಪೂರ್ಣರೂಪ ಬರೆದಿರುವುದು ಅವಶ್ಯ.

8. ಸಮಾರೋಪ

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ವೈದ್ಯಕೀಯ ಸಂಕ್ಷೇಪವನ್ನು ಅರಿಯುವಲ್ಲಿ ಅದರ ಅಕ್ಷರಗಳ ವಿಸ್ತರಣೆಗಿಂತ ಮೊದಲು ಅದು ಯಾವ ವರ್ಗಕ್ಕೆ ಸೇರಿದ್ದು ಎಂಬುದು ತಿಳಿಯಬೇಕು. ರೋಗದ ಹೆಸರನ್ನು ರೂಢಿಯಿಂದ, ಜೀನಿನ ಹೆಸರನ್ನು ಅಂಕಿತವೆಂದು, ಕೋಶದ ಹೆಸರನ್ನು ಅದರ ಗುರುತಿನ ಮೂಲಕ, ಔಷಧದ ಹೆಸರನ್ನು ಅಂತ್ಯಭಾಗದಿಂದ ಓದಬೇಕಾಗುತ್ತದೆ. ಲಿಪಿಭೇದದ ಸೌಲಭ್ಯವಿಲ್ಲದ ಕನ್ನಡದಲ್ಲಿ ಸಂಕ್ಷೇಪದ ಮುಂದೆ ಜೀನು, ಪ್ರೋಟೀನು, ಕೋಶ, ಔಷಧ, ಪರೀಕ್ಷೆ, ರೋಗ ಎಂಬ ವರ್ಗವಾಚಕವನ್ನು ಕಡ್ಡಾಯವಾಗಿ ಸೇರಿಸುವ ಪದ್ಧತಿ ಬರಬೇಕು. ‘ಇದೆ’ ಎಂಬ ಕ್ರಿಯಾಪದಕ್ಕೆ ಬದಲಾಗಿ ‘ವಾಹಕರಾಗಿದ್ದಾರೆ’, ‘ರೋಗವಿದೆ’ ಎಂಬ ಭೇದವನ್ನು ವರದಿಗಳಲ್ಲಿಯೂ ಆಪ್ತಸಲಹೆಯಲ್ಲಿಯೂ ಪಾಲಿಸಬೇಕು. ಪಾರಿಭಾಷಿಕ ಕೋಶಗಳು ಪದಕ್ಕೆ ಪದ ಕೊಡುವುದರಲ್ಲಿಯೇ ತೃಪ್ತಿಪಡದೆ, ಸಂಕ್ಷೇಪದ ವರ್ಗವನ್ನೂ ಅದು ಬರುವ ವಾಕ್ಯರಚನೆಯನ್ನೂ ಕೊಡುವುದು ಅಪೇಕ್ಷಣೀಯ. ತಪಾಸಣಾ ಕಾರ್ಡು ಕೈಗೆ ಬಂದ ಕುಟುಂಬವು ಎ.ಎಸ್. ಎಂಬ ಎರಡಕ್ಷರಗಳ ಪಕ್ಕದಲ್ಲಿ ‘ಎಸ್ ಜೀನಿನ ವಾಹಕರು, ಇದು ರೋಗವಲ್ಲ, ಅಂಟುವುದಿಲ್ಲ, ಸಂಗಾತಿಯ ಪರೀಕ್ಷೆ ಮಾಡಿಸಿ’ ಎಂಬ ಕನ್ನಡದ ಸಾಲನ್ನು ಓದುವಂತಾದರೆ, ಪರಿಭಾಷೆಯ ಅಧ್ಯಯನ ತನ್ನ ಪ್ರಯೋಜನವನ್ನು ಕಂಡುಕೊಂಡಂತಾಗುತ್ತದೆ.